ಮಗುವಿನ ಕಣ್ಣಿಗೆ ಲೆನ್ಸ್ ಹಾಕಿಸಿದ ಮೇಲೆ ಪಟ್ಟಿ ಕಟ್ಟುವ ಕ್ರಮ

ದೊಡ್ಡವರಿಗೆ ಪೊರೆ ತೆಗೆದು ಲೆನ್ಸ್ ಹಾಕಿದರೆ ಬಹುಪಾಲು ಕೆಲಸ ಮುಗಿದಂತೆ. ಮಕ್ಕಳಲ್ಲಿ ಹಾಗಲ್ಲ. ಒಂದೇ ಕಣ್ಣಿಗೆ ಪೊರೆ ಬಂದಿದ್ದರೆ ಮಿದುಳು ಆ ಕಣ್ಣನ್ನು ಬಿಟ್ಟು ಇನ್ನೊಂದರಿಂದಲೇ ನೋಡಲು ಕಲಿತಿರುತ್ತದೆ. ಇದೇ ಸೋಮಾರಿ ಕಣ್ಣು. ಒಳ್ಳೆಯ ಕಣ್ಣನ್ನು ಮುಚ್ಚಿ ಆಪರೇಷನ್ ಆದ ಕಣ್ಣನ್ನು ದುಡಿಸದಿದ್ದರೆ, ಎಷ್ಟೇ ಒಳ್ಳೆಯ ಲೆನ್ಸ್ ಹಾಕಿಸಿದರೂ ದೃಷ್ಟಿ ಸುಧಾರಿಸುವುದಿಲ್ಲ. ಹುಬ್ಬಳ್ಳಿ, ಮಣಿಪಾಲಕ್ಕೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದವರು ಎಡವುವುದು ಇಲ್ಲೇ.

ಮೊದಲು ಹನಿ ಔಷಧ. ಬಾಟಲಿ ಅಲ್ಲಾಡಿಸಿ, ಎರಡು ಔಷಧಗಳ ನಡುವೆ ಐದು ನಿಮಿಷ ಬಿಡಿ. ಸ್ಟೆರಾಯ್ಡ್ ಹನಿಯನ್ನು ನೀವಾಗಿ ನಿಲ್ಲಿಸಬೇಡಿ, ಚೀಟಿಯ ದಿನ ಮೀರಿ ಮುಂದುವರಿಸಲೂ ಬೇಡಿ. ನಿಲ್ಲಿಸಿದರೆ ಉರಿಯೂತ, ಮುಂದುವರಿಸಿದರೆ ಕಣ್ಣಿನೊತ್ತಡ ಏರುವ ಭಯ. ನಂದಿಬಟ್ಟಲು ಹೂವಿನ ರಸ, ಕಾಡಿಗೆ, ಎದೆಹಾಲು ಯಾವುದನ್ನೂ ಆ ಕಣ್ಣಿಗೆ ಮುಟ್ಟಿಸಬಾರದು.

ಎರಡನೆಯದು ಕನ್ನಡಕ. ಒಳಗೆ ಹಾಕಿದ ಲೆನ್ಸಿಗೆ ಹತ್ತಿರ-ದೂರಕ್ಕೆ ತಕ್ಕಂತೆ ಹೊಂದಿಕೊಳ್ಳುವ ಶಕ್ತಿಯಿಲ್ಲ. ಮೇಲಾಗಿ ಕಣ್ಣು ಬೆಳೆಯುವುದರಿಂದ ಚಿಕ್ಕ ಮಕ್ಕಳಿಗೆ ಲೆನ್ಸಿನ ಪವರನ್ನು ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ. ಹಾಗಾಗಿ ಕನ್ನಡಕವಿಲ್ಲದೆ ಪಟ್ಟಿ ಕಟ್ಟಿದರೆ ಮಗು ಮಸುಕನ್ನೇ ನೋಡುತ್ತದೆ. ಆರೇಳು ತಿಂಗಳೊಳಗಿನ ಕೂಸಿಗೆ ಸಾಮಾನ್ಯವಾಗಿ ಲೆನ್ಸನ್ನೇ ಒಳಗೆ ಹಾಕದೆ ಕಾಂಟ್ಯಾಕ್ಟ್ ಲೆನ್ಸ್ ಅಥವಾ ದಪ್ಪ ಕನ್ನಡಕ ಕೊಡುತ್ತಾರೆ. ಅವರಿಗೂ ಪಟ್ಟಿ ತಪ್ಪಿದ್ದಲ್ಲ.

ಈಗ ಪಟ್ಟಿ. ಮುಚ್ಚಬೇಕಾದದ್ದು ಒಳ್ಳೆಯ ಕಣ್ಣನ್ನು. ಆಪರೇಷನ್ ದಿನದ ಬ್ಯಾಂಡೇಜ್ ಇನ್ನೊಂದು ಕಣ್ಣಿಗೆ ಇದ್ದುದರಿಂದ ಅಜ್ಜಿ, ಚಿಕ್ಕಮ್ಮ ಅಭ್ಯಾಸದಲ್ಲಿ ಅದಕ್ಕೇ ಅಂಟಿಸುವುದುಂಟು. 'ಎಡ' ಅಥವಾ 'ಬಲ' ಎಂದು ಬರೆದು ಗೋಡೆಗೆ ಹಚ್ಚಿಡಿ. ಮುಖ ತೊಳೆದು ಚೆನ್ನಾಗಿ ಒರೆಸಿ. ಕೊಬ್ಬರಿ ಎಣ್ಣೆಯ ಪಸೆ ಇದ್ದರೆ ಅಂಟು ಹಿಡಿಯುವುದಿಲ್ಲ. ಕರಾವಳಿಯ ಬೆವರಿಗಂತೂ ಅರ್ಧ ಗಂಟೆಯಲ್ಲೇ ಅಂಚು ಎದ್ದು ಬರುತ್ತದೆ. ಮಗು ಕಣ್ಣು ಮುಚ್ಚಿದಾಗ, ಕಿರಿದಾದ ಬದಿ ಮೂಗಿನ ಕಡೆ ಬರುವಂತೆ ಚರ್ಮದ ಮೇಲೇ ಅಂಟಿಸಿ, ಅಂಚನ್ನು ಬೆರಳಿನಿಂದ ಒತ್ತಿ. ಅದರ ಮೇಲೆ ಕನ್ನಡಕ.

ಕನ್ನಡಕದ ಗಾಜಿಗೆ ಬಟ್ಟೆ ಕಟ್ಟುವ ಉಪಾಯ ಬೇಡ, ಮಗು ಬದಿಯಿಂದ ಇಣುಕುತ್ತದೆ. ಅಂಗಡಿಯಲ್ಲಿ ಸಿಗುವ ಇಲಾಸ್ಟಿಕ್ಕಿನ ಕಪ್ಪು ಪಟ್ಟಿಯದೂ ಅದೇ ಕತೆ. ಹತ್ತಿ ಇಟ್ಟು ಟೇಪ್ ಸುತ್ತಿದರೆ ಎಳೆ ಕಣ್ಣಿಗೆ ಹೋಗುತ್ತದೆ. ಮಕ್ಕಳಿಗೆಂದೇ ಮಾಡಿದ ಅಂಟುಪಟ್ಟಿಯನ್ನೇ ತನ್ನಿ.

ಎಷ್ಟು ಹೊತ್ತು ಎಂಬುದನ್ನು ವಯಸ್ಸು, ದೃಷ್ಟಿ ನೋಡಿ ಡಾಕ್ಟರೇ ಹೇಳುತ್ತಾರೆ. ಎರಡು ಗಂಟೆ ಎಂದರೆ ಎಚ್ಚರವಿರುವ ಎರಡು ಗಂಟೆ, ನಿದ್ದೆ ಲೆಕ್ಕಕ್ಕಿಲ್ಲ. ಬೇಗ ಗುಣವಾಗಲೆಂದು ದಿನವಿಡೀ ಕಟ್ಟಿದರೆ ಒಳ್ಳೆಯ ಕಣ್ಣೂ ಮಂದವಾದೀತು. ಮೊದಲ ದಿನಗಳಲ್ಲಿ ಮಗು ಅಳುತ್ತದೆ, ಕಿತ್ತು ಬಿಸಾಡುತ್ತದೆ; ಕಾಣದ ಕಣ್ಣಿನಿಂದ ನೋಡೆಂದರೆ ಅದಕ್ಕೆ ಕಷ್ಟವೇ. ಗದರಬೇಡಿ. ಕಾಲು ಗಂಟೆಯಿಂದ ಶುರುಮಾಡಿ ವಾರದೊಳಗೆ ಹೇಳಿದಷ್ಟಕ್ಕೆ ಏರಿಸಿ. ಆ ಹೊತ್ತಿನಲ್ಲಿ ಹತ್ತಿರದ ಕೆಲಸ ಕೊಡಿ: ಬಣ್ಣ ಹಚ್ಚುವುದು, ದೊಡ್ಡ ಮಗುವಾದರೆ ಚೆನ್ನೆಮಣೆ. ಮೂರು ವರ್ಷದೊಳಗಿನವರ ಕೈಗೆ ಹುಣಸೆ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕೀತು.

ತೆಗೆಯುವಾಗ ನೀರು ಹಚ್ಚಿ ಮೆಲ್ಲಗೆ ಬಿಡಿಸಿ. ಚರ್ಮ ಕೆಂಪಾದರೆ ಮರುದಿನ ಸ್ವಲ್ಪ ಓರೆಯಾಗಿ ಅಂಟಿಸಿ.

ಕಣ್ಣು ಕೆಂಪೇರಿದರೆ, ಬೆಳಕಿಗೆ ಕಣ್ಣು ಬಿಡದಿದ್ದರೆ, ಪಾಪೆಯಲ್ಲಿ ಮತ್ತೆ ಬಿಳುಪು ಕಂಡರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಏನೂ ಕಾಣದಿದ್ದರೂ ಕರೆದ ದಿನ ತಪ್ಪಿಸಬೇಡಿ: ಕಣ್ಣಿನೊತ್ತಡ ಏರಿ ನರ ಕೆಡಿಸುವ ಗ್ಲಾಕೋಮಾ ವರ್ಷಗಳ ನಂತರವೂ ನೋವಿಲ್ಲದೆ ಬರಬಹುದು.