ಒಂದು ಜಿಬಿ ಕೇಳಿ ನೋಡಿ

ಕಲಬುರಗಿಯ ದಾಲ್ ಮಿಲ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಸಂಜೆ ಹೊತ್ತು ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಪ್ರೋಗ್ರಾಮಿಂಗ್ ಕಲಿಯಲು ಬರುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: ಆಪರೇಟಿಂಗ್ ಸಿಸ್ಟಮ್ ಎಷ್ಟು ಓದಬೇಕು? ದಪ್ಪ ಪುಸ್ತಕ ಆಮೇಲೆ. ಮೊದಲು ನಿಮ್ಮದೇ ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ನೋಡಲು ಕಲಿಯಿರಿ. ಲಿನಕ್ಸ್ ಸಾಕು, ಹಳೆಯ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ.

ಸಿ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆಯಿರಿ. ಮೆಮೊರಿ ಕೇಳುವ ಮ್ಯಾಲಾಕ್ (malloc) ಫಂಕ್ಷನ್‌ನಿಂದ 1 ಜಿಬಿ ಕೇಳಿ, ಒಂದು ಕೀ ಒತ್ತುವವರೆಗೆ ಕಾಯುವಂತೆ ಮಾಡಿ. ಆಪ್ಟಿಮೈಸೇಶನ್ ಹಾಕಬೇಡಿ, ಹಾಕಿದರೆ ಕಂಪೈಲರ್ ಆ ಸಾಲನ್ನೇ ತೆಗೆದುಬಿಡಬಹುದು. ಈಗ ಇನ್ನೊಂದು ಟರ್ಮಿನಲ್ ತೆರೆದು, ಪ್ರೋಕ್ (/proc) ಫೋಲ್ಡರ್‌ನಲ್ಲಿ ಓಡುತ್ತಿರುವ ಆ ಪ್ರೋಗ್ರಾಂನ ಪ್ರೋಸೆಸ್ ನಂಬರಿನ ಸ್ಟೇಟಸ್ ಫೈಲ್ ನೋಡಿ. ವಿಎಂ‌ಸೈಜ್ (ಕೇಳಿದ ಒಟ್ಟು ವಿಳಾಸ ಜಾಗ) 1 ಜಿಬಿ ದಾಟಿರುತ್ತದೆ. ವಿಎಂ‌ಆರ್‌ಎಸ್‌ಎಸ್ (ನಿಜವಾಗಿ ಹಿಡಿದಿರುವ ರ‍್ಯಾಮ್) ಮಾತ್ರ ಒಂದೆರಡು ಎಂಬಿ!

ಹಾಗಾದರೆ ಕೇಳಿದ ಜಾಗ ಎಲ್ಲಿ? ರಿಂಗ್ ರೋಡ್ ಆಚೆ ಹೊಸ ಲೇಔಟ್‌ನಲ್ಲಿ ಸೈಟ್ ನಂಬರ್ ಮಾತ್ರ ಕೊಟ್ಟ ಹಾಗೆ, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ನಿಮಗೆ ಬರೀ ವಿಳಾಸ ಕೊಟ್ಟಿದೆ. ಈಗ ಪ್ರತಿ 4096 ಬೈಟಿಗೆ ಒಂದರಂತೆ ಬರೆಯುತ್ತಾ ಹೋಗಿ. ಸುಮ್ನೆ ಓದಿದರೆ ಸಾಲದು, ಬರೆಯಲೇಬೇಕು. ವಿಎಂ‌ಆರ್‌ಎಸ್‌ಎಸ್ ಏರುತ್ತಾ 1 ಜಿಬಿ ಮುಟ್ಟುತ್ತದೆ. ಮಾಮೂಲಿ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಒಂದು ಪೇಜ್ (ಕರ್ನಲ್ ಮೆಮೊರಿ ಹಂಚುವ ತುಂಡು) ಅಂದರೆ 4 ಕೆಬಿ. 1 ಜಿಬಿಗೆ ಅಂಥವು 2,62,144. ಇನ್ನೂ ಜಾಗ ಸಿಗದ ಪೇಜನ್ನು ಮುಟ್ಟಿದಾಗ ಪೇಜ್ ಫಾಲ್ಟ್ ಆಗುತ್ತದೆ, ಆಗ ಕರ್ನಲ್ ನಿಜವಾದ ರ‍್ಯಾಮ್ ಜೋಡಿಸುತ್ತದೆ. ವರ್ಚುವಲ್ ಮೆಮೊರಿ ಪಾಠದ ಅರ್ಧ ಇಷ್ಟೇ.

ಇದರಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಮ್ಯಾಲಾಕ್ ಸೊನ್ನೆ ಕೊಡಲಿಲ್ಲ ಅಂದ ಮಾತ್ರಕ್ಕೆ ಮೆಮೊರಿ ಇದೆ ಅಂತಲ್ಲ. ಲಿನಕ್ಸ್ ಇರುವುದಕ್ಕಿಂತ ಜಾಸ್ತಿ ಹಂಚಬಲ್ಲದು. ರ‍್ಯಾಮ್, ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಎರಡೂ ಮುಗಿದಾಗ ಕರ್ನಲ್‌ನ ಊಮ್ ಕಿಲ್ಲರ್ ಯಾವುದೋ ಒಂದು ಪ್ರೋಸೆಸ್ ಕೊಂದುಹಾಕುತ್ತದೆ. ಪ್ರೋಗ್ರಾಂ ಏನೂ ಹೇಳದೆ ಮಾಯವಾದರೆ ಡಿಮೆಸೇಜ್ (dmesg) ಕಮಾಂಡ್ ಓಡಿಸಿ ನೋಡಿ, ಅಲ್ಲಿ ಬರೆದಿರುತ್ತದೆ.

ಮಿಲ್ಲುಗಳ ಕಂಪ್ಯೂಟರ್‌ಗಳಲ್ಲಿ ಬಹಳ ಸಲ 4 ಜಿಬಿ ರ‍್ಯಾಮ್ ಅಷ್ಟೇ. ತೊಗರಿ ಸೀಸನ್ನಿನ ತೂಕದ ಫೈಲನ್ನು ಪೂರ್ತಿ ಪೈಥಾನ್ ಲಿಸ್ಟಿಗೆ ತುಂಬಿದರೆ ಯಂತ್ರ ಸ್ವಾಪ್ ಮಾಡುತ್ತಾ ಕುಳಿತುಬಿಡುತ್ತದೆ. 64 ಬಿಟ್ ಪೈಥಾನ್‌ನಲ್ಲಿ ಒಂದು ಸಾಧಾರಣ ಪೂರ್ಣಾಂಕಕ್ಕೆ 28 ಬೈಟ್, ಲಿಸ್ಟಿನಲ್ಲಿ ಅದರ ವಿಳಾಸಕ್ಕೆ 8. ಹತ್ತು ಲಕ್ಷ ಬೇರೆಬೇರೆ ಸಂಖ್ಯೆಗೆ ಸುಮಾರು 36 ಎಂಬಿ. ಪೈಥಾನ್‌ನ ಸಂಖ್ಯಾ ಲೈಬ್ರರಿ ನಮ್‌ಪೈನ 32 ಬಿಟ್ ಅರೇಯಲ್ಲಿ ಅವೇ 4 ಎಂಬಿ. ಇನ್ನೂ ಒಳ್ಳೆಯದು, ಸಾಲು ಸಾಲಾಗಿ ಓದಿ ವ್ಯಾಪಾರಿವಾರು ಮೊತ್ತ ಮಾತ್ರ ಇಟ್ಟುಕೊಳ್ಳಿ. ಬಿಲ್ಲಿಗೆ ಬೇಕಾದ್ದು ಅದೇ ಅಲ್ವಾ?

ಫ್ರೀ ಕಮಾಂಡ್‌ನಲ್ಲಿ ಫ್ರೀ ಕಾಲಂ ಕಡಿಮೆ ಕಂಡರೆ ಗಾಬರಿ ಬೇಡ. ಖಾಲಿ ರ‍್ಯಾಮನ್ನು ಲಿನಕ್ಸ್ ಫೈಲುಗಳ ಕ್ಯಾಶ್‌ಗೆ ಬಳಸುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ಅವೈಲಬಲ್ ಕಾಲಂ.

ಸ್ಟ್ಯಾಕ್ (ಫಂಕ್ಷನ್ ಒಳಗಿನ ಚರಗಳು ಕೂರುವ ಜಾಗ) ಬಗ್ಗೆ ಒಂದೇ ಪ್ರಯೋಗ ಸಾಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅದರ ಮಿತಿ 8 ಎಂಬಿ. ಫಂಕ್ಷನ್ ಒಳಗೆ 1000 × 1000 ಇಂಟ್ ಅರೇ (ಒಂದು ಇಂಟ್‌ಗೆ 4 ಬೈಟ್) ನಡೆಯುತ್ತದೆ. 1500 × 1500 ಮಾಡಿ ಪೂರ್ತಿ ತುಂಬಿಸಿ, ಸೆಗ್ಮೆಂಟೇಶನ್ ಫಾಲ್ಟ್ ಬರುತ್ತದೆ. ಅದೇ ದೊಡ್ಡ ಅರೇಯನ್ನು ಹೀಪ್‌ಗೆ (ಮ್ಯಾಲಾಕ್ ಕೊಡುವ ಜಾಗಕ್ಕೆ) ಸಾಗಿಸಿ, ಒಮ್ಮೆ ಅಡ್ಡಸಾಲಿನಲ್ಲಿ, ಒಮ್ಮೆ ಕಂಬಸಾಲಿನಲ್ಲಿ ಕೂಡಿಸಿ ಸಮಯ ಅಳೆಯಿರಿ. ಕ್ಯಾಶ್ ಲೈನ್ (ಪ್ರೊಸೆಸರ್‌ನ ಕ್ಯಾಶ್ ರ‍್ಯಾಮ್‌ನಿಂದ ಒಮ್ಮೆಗೆ ತರುವ ತುಂಡು) ಮಾಮೂಲಿಯಾಗಿ 64 ಬೈಟ್, ಅಂದರೆ ಒಂದು ಸಲಕ್ಕೆ 16 ಇಂಟ್ ಬರುತ್ತವೆ. ಯಾವುದು ಯಾಕೆ ಬೇಗ ಮುಗಿಯಿತು ಅಂತ ನೀವೇ ಲೆಕ್ಕ ಹಾಕಿ.

ರ‍್ಯಾಮ್ ತುಂಬಿದಾಗ ಪೇಜ್ ಬದಲಿಸುವ ಅಲ್ಗಾರಿದಮ್‌ಗಳ ಕೋಷ್ಟಕ ಪರೀಕ್ಷೆಗೆ, ಸಂದರ್ಶನಕ್ಕೆ ಬೇಕು, ಕಲಿತುಬಿಡಿ. ನನ್ನ ಕೆಲಸದಲ್ಲಂತೂ ಅದು ಬಂದಿಲ್ಲ. ದಿನಾ ಬೇಕಾಗುವುದು ಅಡ್ರೆಸ್ ಸ್ಯಾನಿಟೈಜರ್. ಜಿಸಿಸಿ ಕಂಪೈಲರ್‌ಗೆ ಒಂದು ಫ್ಲ್ಯಾಗ್ ಕೊಟ್ಟರೆ ಸಾಕು, ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದ ಸಾಲಿನ ನಂಬರನ್ನೇ ಹೇಳುತ್ತದೆ. ಡೀಬಗ್ ಮಾಹಿತಿಯ ಫ್ಲ್ಯಾಗ್ ಕೂಡ ಜೊತೆಗಿರಲಿ, ಇಲ್ಲದಿದ್ದರೆ ಬರೀ ವಿಳಾಸ ಕಾಣಿಸಬಹುದು.