ಜೋಡಿ ಪೊಲೀಸರ ಹಾಸ್ಯ-ಸಾಹಸ ಚಿತ್ರಕ್ಕೆ ಕಥೆ ಕಟ್ಟುವ ಬಗೆ

ಸ್ವಭಾವದಲ್ಲಿ ಸ್ವಲ್ಪವೂ ಹೊಂದದ ಇಬ್ಬರು ಪೊಲೀಸರು ಒಂದೇ ಪ್ರಕರಣದ ಬೆನ್ನು ಹತ್ತುವ ಹಾಸ್ಯ-ಸಾಹಸ ಚಿತ್ರಗಳನ್ನು ಇಷ್ಟಪಡುವವರನ್ನು ಕರೆದು, ಅವರ ಮೆಚ್ಚಿನ ಚಿತ್ರದಲ್ಲಿ ಖಳನಾಯಕ ಕದ್ದದ್ದೇನು, ಕೊಂದದ್ದು ಯಾರನ್ನು, ಕೊನೆಗೆ ಸಿಕ್ಕಿಬಿದ್ದದ್ದು ಹೇಗೆ ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಅದೇ ಚಿತ್ರದಲ್ಲಿ ನಾಯಕರಿಬ್ಬರೂ ಕಾರಿನೊಳಗೆ ಕಿತ್ತಾಡಿದ್ದು ಹೇಗೆ ಎಂದು ಕೇಳಿದರೆ ಸಂಭಾಷಣೆಯನ್ನೂ ಸೇರಿಸಿ ಒಪ್ಪಿಸಿಬಿಡುತ್ತಾರೆ. ಈ ಬಗೆಯ ಚಿತ್ರಕ್ಕೆ ಕಥೆ ಬರೆಯಲು ಕುಳಿತವರು ಮೊದಲು ಮನಗಾಣಬೇಕಾದದ್ದು ಇದನ್ನೇ. ಪ್ರೇಕ್ಷಕರು ಟಿಕೆಟ್ ಕೊಳ್ಳುವುದು ಆ ಜಗಳಕ್ಕಾಗಿ; ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟುಹೋಗದಂತೆ ನೋಡಿಕೊಳ್ಳುವುದಷ್ಟೇ ಪ್ರಕರಣದ ಕೆಲಸ. ಆದ್ದರಿಂದ ಒಂದು ರೋಚಕ ಅಪರಾಧವನ್ನು ಯೋಚಿಸಿ ಅದಕ್ಕೆ ಇಬ್ಬರು ಅಧಿಕಾರಿಗಳನ್ನು ಹುಡುಕುವ ಕ್ರಮವನ್ನು ಬಿಟ್ಟು, ಒಂದು ಜಗಳವನ್ನು ಯೋಚಿಸಿ ಅದಕ್ಕೆ ತಕ್ಕ ಅಪರಾಧವನ್ನು ಹುಡುಕುವುದು ಒಳ್ಳೆಯದು.

ಎಂಥ ಜಗಳ ಎಂಬುದೇ ಮುಂದಿನ ಪ್ರಶ್ನೆ. ಒಬ್ಬ ದಪ್ಪ, ಇನ್ನೊಬ್ಬ ಸಣಕಲ; ಒಬ್ಬ ಮಾತಿನಮಲ್ಲ, ಇನ್ನೊಬ್ಬ ಮೌನಿ; ಒಬ್ಬ ಶುಚಿತ್ವದ ಭಕ್ತ, ಇನ್ನೊಬ್ಬ ಕೊಳಕ. ಇಂಥ ವ್ಯತ್ಯಾಸಗಳು ಪೋಸ್ಟರಿಗೆ ಸಾಕಾದಾವು, ಆದರೆ ಹತ್ತು ನಿಮಿಷಗಳಲ್ಲಿ ಖಾಲಿಯಾಗುತ್ತವೆ. ಎರಡು ಗಂಟೆಗಳ ಕಾಲ ಬಾಳುವ ಜಗಳ ಬೇಕಾದರೆ ಕೆಲಸವನ್ನು ಹೇಗೆ ಮಾಡಬೇಕೆಂಬ ಬಗ್ಗೆಯೇ ಇಬ್ಬರಿಗೂ ಭಿನ್ನಾಭಿಪ್ರಾಯ ಇರಬೇಕು. ಅಕಿರ ಕುರೊಸಾವಾ 1949ರಲ್ಲಿ ಮಾಡಿದ ‘ಸ್ಟ್ರೇ ಡಾಗ್’ ಹಾಸ್ಯಚಿತ್ರವೇನಲ್ಲ. ಆದರೂ ಈ ಪ್ರಕಾರದ ಅಸ್ಥಿಪಂಜರ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬಸ್ಸಿನಲ್ಲಿ ತನ್ನ ಪಿಸ್ತೂಲನ್ನು ಕಳೆದುಕೊಂಡ ಕಿರಿಯ ಪತ್ತೇದಾರ, ಅದೇ ಪಿಸ್ತೂಲಿನಿಂದ ಅಪರಾಧ ಎಸಗುತ್ತಿರುವವನಲ್ಲಿ ತನ್ನದೇ ಛಾಯೆಯನ್ನು ಕಂಡು ಕುದಿಯುತ್ತಾನೆ. ಅವನ ಜೊತೆಗಿರುವ ಹಿರಿಯನಿಗೆ ಅಪರಾಧಿಯ ಒಳಮನಸ್ಸಿನ ವಿಚಾರಣೆಯಲ್ಲಿ ಆಸಕ್ತಿಯಿಲ್ಲ, ಅವನನ್ನು ಹಿಡಿಯುವುದಷ್ಟೇ ಮುಖ್ಯ. ಈ ವಾದದಲ್ಲಿ ಇಬ್ಬರದೂ ಸರಿಯೆನಿಸುತ್ತದೆ. ಹಾಸ್ಯವನ್ನು ಬೆರೆಸುವ ಮುನ್ನ ನಿಮ್ಮ ಕಥೆಯ ಜೋಡಿಗೂ ಈ ಪರೀಕ್ಷೆ ಆಗಬೇಕು: ಒಬ್ಬನೇ ಯಾವಾಗಲೂ ಸರಿ, ಇನ್ನೊಬ್ಬ ಯಾವಾಗಲೂ ಪೆದ್ದನಾದರೆ ಅದು ಜೋಡಿಯಲ್ಲ, ನಾಯಕ ಮತ್ತು ಅವನ ಬಾಲ. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆಯಲ್ಲಿ ಎರಡರ ಬಲವೂ ಸಮನಾಗಿರುವುದರಿಂದಲೇ ನೇಗಿಲು ನಿಂತಲ್ಲೇ ನಿಲ್ಲುತ್ತದೆ.

ಈ ಸಮಬಲವನ್ನು ಅಳೆಯಲು ಒಂದು ಸಣ್ಣ ಅಭ್ಯಾಸವಿದೆ. ಬಾಗಿಲು ತೆರೆಯಲೊಪ್ಪದ ಒಬ್ಬ ಸಾಕ್ಷಿಯನ್ನು ಕಲ್ಪಿಸಿಕೊಂಡು, ನಿಮ್ಮ ಇಬ್ಬರೂ ಅಧಿಕಾರಿಗಳು ಬೇರೆಬೇರೆಯಾಗಿ ಬಂದು ಆ ಬಾಗಿಲ ಮುಂದೆ ಏನು ಮಾಡುತ್ತಾರೆ ಎಂಬುದನ್ನು ಒಂದೊಂದು ಪುಟದಲ್ಲಿ ಬರೆಯಿರಿ. ಇಬ್ಬರೂ ಒಳಗೆ ಹೋಗುವಂತಿರಬೇಕು, ಆದರೆ ಒಬ್ಬ ಬಳಸಿದ ದಾರಿ ಇನ್ನೊಬ್ಬನಿಗೆ ನಾಚಿಕೆ ತರುವಂತಿರಬೇಕು. ಎರಡೂ ಪುಟಗಳು ಒಂದೇ ಥರ ಬಂದರೆ ಪಾತ್ರಗಳನ್ನು ಮತ್ತೆ ಕಟ್ಟುವುದೇ ಸರಿ. ಸಂಭಾಷಣೆಯಿಂದ ಈ ಕೊರತೆಯನ್ನು ಮುಚ್ಚಲಾಗುವುದಿಲ್ಲ.

ಇಷ್ಟು ವಿರುದ್ಧ ಸ್ವಭಾವದವರು ನಿಜಜೀವನದಲ್ಲಾದರೆ ಎರಡನೆಯ ದಿನವೇ ಬೇರೆಯಾಗುತ್ತಿದ್ದರು. ಆದ್ದರಿಂದ ಅವರನ್ನು ಜೊತೆಗಿಡುವ ಬಲವಂತ ಗಟ್ಟಿಯಾಗಿರಬೇಕು. ವಾಲ್ಟರ್ ಹಿಲ್ ನಿರ್ದೇಶಿಸಿದ, 1982ರಲ್ಲಿ ಬಿಡುಗಡೆಯಾದ ‘48 ಅವರ್ಸ್’ ಈ ಬಲವಂತವನ್ನು ಹೆಸರಿನಲ್ಲೇ ಇಟ್ಟುಕೊಂಡಿದೆ: ನಿಕ್ ನೋಲ್ಟಿ ನಟಿಸಿದ ಒರಟು ಪತ್ತೇದಾರನಿಗೆ ಕೊಲೆಗಾರರ ಸುಳಿವು ಬೇಕು, ಆ ಸುಳಿವು ಗೊತ್ತಿರುವ ಎಡ್ಡಿ ಮರ್ಫಿ ನಟಿಸಿದ ಕೈದಿ ಜೈಲಿನಿಂದ ಹೊರಗಿರುವುದು ಎರಡೇ ದಿನ. ಮೂರು ದಶಕಗಳ ನಂತರ, 2016ರ ಅನಿಮೇಷನ್ ಚಿತ್ರ ‘ಝೂಟೋಪಿಯಾ’ದಲ್ಲಿ ಮೊಲದ ಪೊಲೀಸಮ್ಮನಿಗೂ ಮೇಲಧಿಕಾರಿ ಕೊಡುವ ಗಡುವು ನಲವತ್ತೆಂಟು ಗಂಟೆಗಳೇ, ಅವಳ ಪಾಲಿಗೆ ಬರುವ ಜೊತೆಗಾರನೂ ಒಬ್ಬ ಮೋಸಗಾರ ನರಿಯೇ. 1998ರ ‘ರಶ್ ಅವರ್’ನ ಉಪಾಯ ಇನ್ನೂ ಜಾಣತನದ್ದು. ಅಪಹರಣದ ತನಿಖೆಗೆಂದು ಹಾಂಗ್‌ಕಾಂಗ್‌ನಿಂದ ಬಂದ ಅಧಿಕಾರಿಯನ್ನು ತನಿಖೆಯಿಂದ ದೂರ ಇಡುವುದೇ ಲಾಸ್ ಏಂಜಲೀಸ್‌ನ ಪೊಲೀಸನಿಗೆ ವಹಿಸಿದ ಕೆಲಸ. ಅಂದರೆ ಇಬ್ಬರೂ ಯಾರಿಗೂ ಬೇಡವಾದವರು, ಮತ್ತು ಆ ಸಂಗತಿ ಅವರಿಗೆ ಅರಿವಾಗುವ ಗಳಿಗೆಯಲ್ಲೇ ಅವರ ನಡುವೆ ಮೊದಲ ಒಪ್ಪಂದ ಹುಟ್ಟುತ್ತದೆ. ನಿಮ್ಮ ಕಥೆಯಲ್ಲಿ ಗಡುವು ಇರಲಿ, ಅವಮಾನ ಇರಲಿ, ಒಬ್ಬ ಬಿಟ್ಟುಹೋದರೆ ಇಬ್ಬರೂ ಕೆಡುವಂತಿರಬೇಕು. ‘ಮೇಲಿನವರು ಹೇಳಿದರು, ಅದಕ್ಕೆ ಜೊತೆಗಿದ್ದೇವೆ’ ಎಂಬಷ್ಟೇ ಆದರೆ ಮಧ್ಯಂತರದ ಹೊತ್ತಿಗೆ ಪ್ರೇಕ್ಷಕರು ಆ ಆದೇಶವನ್ನು ಮರೆತಿರುತ್ತಾರೆ.

ಮೊದಲ ಭೇಟಿಯ ದೃಶ್ಯವನ್ನು ಬರೆಯುವ ಮೊದಲು ಇಬ್ಬರನ್ನೂ ಪ್ರತ್ಯೇಕವಾಗಿ, ಅವರವರ ಕೆಲಸದ ನಡುವೆ ತೋರಿಸಬೇಕು. ಆಗ ಮಾತ್ರ ಅವರು ಎದುರಾದಾಗ ಆಗಲಿರುವ ಡಿಕ್ಕಿ ಪ್ರೇಕ್ಷಕರಿಗೆ ಮೊದಲೇ ಗೊತ್ತಾಗಿ, ಅದಕ್ಕಾಗಿ ಕಾಯುವ ಸುಖ ಸಿಗುತ್ತದೆ. ಶೇನ್ ಬ್ಲ್ಯಾಕ್ ಬರೆದ ‘ಲೀಥಲ್ ವೆಪನ್’ (1987) ಇದಕ್ಕೆ ಪಾಠದಂತಿದೆ. ಐವತ್ತು ತುಂಬಿದ, ತುಂಬು ಸಂಸಾರದ ಮರ್ಟಾ ಒಂದು ಕಡೆ. ಹೆಂಡತಿಯನ್ನು ಕಳೆದುಕೊಂಡು ಬದುಕಿನ ಆಸೆಯನ್ನೇ ಬಿಟ್ಟ ರಿಗ್ಸ್ ಇನ್ನೊಂದು ಕಡೆ. ಠಾಣೆಯಲ್ಲಿ ಕೈಯಲ್ಲಿ ಪಿಸ್ತೂಲು ಹಿಡಿದ ಅಪರಿಚಿತ ಕೆದರುತಲೆಯವನನ್ನು ಕಂಡ ಮರ್ಟಾ ಅವನನ್ನು ಅಪರಾಧಿಯೆಂದೇ ತಿಳಿದು ಮೇಲೆ ಬಿದ್ದು, ಮರುಕ್ಷಣವೇ ತಾನು ನೆಲಕ್ಕೆ ಬಿದ್ದಿರುತ್ತಾನೆ. ಆಗ ತಿಳಿಯುತ್ತದೆ, ಇವನೇ ಹೊಸ ಜೊತೆಗಾರನೆಂದು. ಪರಿಚಯ, ಹೊಡೆದಾಟ ಮತ್ತು ನಗು ಮೂರೂ ಒಂದೇ ಏಟಿಗೆ ಮುಗಿದವು.

ಈಗ ಜಗಳವನ್ನು ಬರೆಯುವ ವಿಷಯ. ಹೊಸಬರ ಬರವಣಿಗೆಯಲ್ಲಿ ಹೆಚ್ಚಾಗಿ ಕಾಣುವ ದೋಷವೆಂದರೆ ಜಗಳವೊಂದು ಕಡೆ, ತನಿಖೆಯೊಂದು ಕಡೆ ನಡೆಯುವುದು. ಇಬ್ಬರೂ ಕಾರಿನಲ್ಲಿ ಮೂರು ನಿಮಿಷ ಬೈದಾಡಿಕೊಂಡ ಮೇಲೆ ಕೆಳಗಿಳಿದು, ಬೈಗುಳಕ್ಕೂ ತಮಗೂ ಸಂಬಂಧವಿಲ್ಲದವರಂತೆ ಸುಳಿವು ಹುಡುಕತೊಡಗುತ್ತಾರೆ. ಜಗಳವೇ ಸುಳಿವನ್ನು ಹೆರಬೇಕು. ಉದಾಹರಣೆಗೆ, ರಾತ್ರಿಯ ಹೊತ್ತು ಒಂದು ಗೋದಾಮಿನ ಎದುರು ಕಾರು ನಿಲ್ಲಿಸಿಕೊಂಡು ಕಾಯುತ್ತಿರುವ ಇಬ್ಬರನ್ನು ತೆಗೆದುಕೊಳ್ಳೋಣ. ಕಿರಿಯಳು ಹಾದುಹೋಗುವ ಪ್ರತಿ ವಾಹನವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಹಿರಿಯ ಸೀಟು ಹಿಂದಕ್ಕೆ ಬಾಗಿಸಿ ಕಣ್ಣು ಮುಚ್ಚಿದ್ದಾನೆ.

‘ಸರ್, ನೀವು ನಿದ್ದೆ ಮಾಡ್ತಿದ್ದೀರಿ.’

‘ಯೋಚನೆ ಮಾಡ್ತಿದ್ದೀನಿ.’

‘ಗೊರಕೆ ಕೇಳಿಸ್ತಿತ್ತು ಸರ್.’

‘ಆಳವಾಗಿ ಯೋಚನೆ ಮಾಡ್ತಿದ್ದೆ. ನೀನೇನು ಸಾಧಿಸ್ದೆ, ಅದನ್ನ ಓದು.’

‘ಒಂಬತ್ತೂ ಹತ್ತಕ್ಕೆ ಹಾಲಿನ ವ್ಯಾನು. ಹತ್ತಕ್ಕೆ ಒಂದು ಸ್ಕೂಟರ್. ಹತ್ತೂಕಾಲಿಗೆ ಹಾಲಿನ ವ್ಯಾನು. ಹನ್ನೊಂದಕ್ಕೆ ಹಾಲಿನ ವ್ಯಾನು.’

ಹಿರಿಯ ಕಣ್ಣು ತೆರೆಯುತ್ತಾನೆ. ‘ರಾತ್ರಿ ಹನ್ನೊಂದಕ್ಕೆ ಯಾರಮ್ಮ ಹಾಲು ಹಾಕ್ತಾರೆ?’

ಇಲ್ಲಿ ಕಿರಿಯಳು ಎಲ್ಲವನ್ನೂ ಬರೆದುಕೊಂಡಳು, ಆದರೆ ಗಮನಿಸಲಿಲ್ಲ. ಹಿರಿಯ ಏನನ್ನೂ ನೋಡಲಿಲ್ಲ, ಆದರೆ ಕೇಳಿದೊಡನೆ ಗುರುತಿಸಿದ. ಒಬ್ಬರನ್ನೊಬ್ಬರು ಹಂಗಿಸುವ ಹಟದಿಂದಲೇ ಸುಳಿವು ಹೊರಬಿತ್ತು. ಮುಂದೆ ವ್ಯಾನು ನಾಲ್ಕನೆಯ ಸಲ ಬಂದಾಗ ಅವನು ತಕ್ಷಣ ಬೆನ್ನಟ್ಟೋಣ ಎನ್ನುತ್ತಾನೆ, ಅವಳು ಮೇಲಧಿಕಾರಿಗೆ ತಿಳಿಸದೆ ಕದಲುವಂತಿಲ್ಲ ಎನ್ನುತ್ತಾಳೆ, ಮತ್ತು ಚೇಸ್ ಪೂರ್ತಿ ಈ ವಾದದ ಮುಂದುವರಿಕೆಯಾಗುತ್ತದೆ. ಹಾಗೆಯೇ ಒಬ್ಬರನ್ನೊಬ್ಬರು ಕರೆಯುವ ರೀತಿ ಯಾವ ದೃಶ್ಯದಲ್ಲಿ ಬದಲಾಗುತ್ತದೆ ಎಂಬುದನ್ನೂ ಮೊದಲೇ ನಿರ್ಧರಿಸಿಕೊಳ್ಳುವುದು ಮೇಲು. ಅಕಸ್ಮಾತ್ತಾಗಿ ಮೂರನೆಯ ದೃಶ್ಯದಲ್ಲೇ ಸಲಿಗೆ ಬಂದುಬಿಟ್ಟರೆ ಆಮೇಲೆ ಖರ್ಚು ಮಾಡಲು ಏನೂ ಉಳಿಯುವುದಿಲ್ಲ.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಈ ಪ್ರಕಾರದಲ್ಲಿ ಪ್ರತ್ಯೇಕ ಕಾಮಿಡಿ ಟ್ರ್ಯಾಕ್ ಇರಕೂಡದು. ಅಪಾಯ ಮತ್ತು ನಗು ಒಂದೇ ದೃಶ್ಯದಲ್ಲಿ, ಒಂದೇ ಕಾರಣದಿಂದ ಹುಟ್ಟಬೇಕು. ‘48 ಅವರ್ಸ್’ನಲ್ಲಿ ಬಿಳಿಯರೇ ತುಂಬಿರುವ ಬಾರಿನೊಳಕ್ಕೆ ಮರ್ಫಿಯ ಕೈದಿ ಪೊಲೀಸನ ಬ್ಯಾಡ್ಜ್ ಹಿಡಿದು ನುಗ್ಗಿ, ಎಲ್ಲರನ್ನೂ ಗದರಿಸಿ ಸುಳಿವು ಪಡೆಯುವ ದೃಶ್ಯವಿದೆ. ಅಲ್ಲಿ ಅವನ ಬಳಿ ಇರುವುದು ಸುಳ್ಳು ಅಧಿಕಾರ ಮತ್ತು ನಾಲಿಗೆ ಮಾತ್ರ. ಯಾವ ಕ್ಷಣದಲ್ಲಾದರೂ ಏಟು ಬೀಳಬಹುದು. ಅದು ಮರ್ಫಿಯ ಮೊದಲ ಚಿತ್ರ ಎಂಬುದು ನೆನಪಾದಾಗ ಆ ಧೈರ್ಯ ಇನ್ನಷ್ಟು ಬೆರಗು ಹುಟ್ಟಿಸುತ್ತದೆ. ಆ ದೃಶ್ಯದ ನಗುವಿನಲ್ಲಿ ಮುಖಭಂಗ ಆಗುವುದು ಯಾರಿಗೆ ಎಂಬುದನ್ನೂ ಗಮನಿಸಬೇಕು: ಅವನನ್ನು ಕೀಳಾಗಿ ಕಾಣುವವರಿಗೆ. ಬಣ್ಣ, ಭಾಷೆ, ಊರುಗಳ ವ್ಯತ್ಯಾಸದಿಂದ ಜೋಡಿಯನ್ನು ಕಟ್ಟುವವರು ಈ ಲೆಕ್ಕವನ್ನು ತಪ್ಪಬಾರದು. ಪರಕೀಯನ ಉಚ್ಚಾರವನ್ನೇ ನಗೆಯ ವಸ್ತುವಾಗಿಸಿದ ದೃಶ್ಯಗಳು ಬೇಗ ಹಳಸುತ್ತವೆ. ಪರಕೀಯನಿಗೆ ತನ್ನ ಭಾಷೆ ಬರುವುದಿಲ್ಲವೆಂದು ನಂಬಿ ಕಿರುಚುತ್ತಿದ್ದವನ ಮುಖ, ಅವನು ಸಲೀಸಾಗಿ ಉತ್ತರಿಸಿದಾಗ ಇಳಿದುಹೋಗುವುದು ಇಂದಿಗೂ ನಗಿಸುತ್ತದೆ.

ಸಾಹಸ ದೃಶ್ಯಗಳನ್ನು ಸ್ಟಂಟ್ ಮಾಸ್ಟರ್ ನೋಡಿಕೊಳ್ಳುತ್ತಾರೆ ಎಂದು ‘ಇಲ್ಲಿ ಹೊಡೆದಾಟ’ ಎಂದಷ್ಟೇ ಬರೆದು ಮುಂದೆ ಹೋಗುವ ಅಭ್ಯಾಸ ಚಿತ್ರಕಥೆಗಾರರಲ್ಲಿ ಉಂಟು. ಬೇರೆ ಬಗೆಯ ಚಿತ್ರಗಳಲ್ಲಿ ಅದು ನಡೆದೀತು, ಇಲ್ಲಿ ನಡೆಯದು, ಏಕೆಂದರೆ ಪಾತ್ರಗಳ ನಿಜವಾದ ಪರಿಚಯ ಆಗುವುದು ಹೊಡೆದಾಟದಲ್ಲೇ. ‘ಲೀಥಲ್ ವೆಪನ್’ನಲ್ಲಿ ಕಟ್ಟಡದ ಮೇಲಿಂದ ಹಾರಲು ಹೊರಟವನನ್ನು ಸಮಾಧಾನಪಡಿಸಲು ಹೋದ ರಿಗ್ಸ್, ಅವನ ಕೈಗೂ ತನ್ನ ಕೈಗೂ ಬೇಡಿ ತೊಡಿಸಿ ಅವನನ್ನೂ ಎಳೆದುಕೊಂಡು ಕೆಳಗೆ ಹಾಸಿದ ಗಾಳಿಚೀಲದ ಮೇಲೆ ಹಾರಿಬಿಡುತ್ತಾನೆ. ಪ್ರೇಕ್ಷಕರು ನಗುತ್ತಾರೆ, ಕೆಳಗಿದ್ದ ಮರ್ಟಾನಿಗೆ ಮಾತ್ರ ತನ್ನ ಜೊತೆಗಾರ ಸಾಯಲು ನಿಜಕ್ಕೂ ಸಿದ್ಧನಿದ್ದಾನೆ ಎಂಬ ಅನುಮಾನ ಬಲವಾಗುತ್ತದೆ, ಮುಂದಿನ ದೃಶ್ಯದ ಭೀಕರ ಜಗಳ ಅಲ್ಲಿಂದಲೇ ಏಳುತ್ತದೆ. ಒಂದು ಸ್ಟಂಟ್ ಇಷ್ಟು ಕೆಲಸ ಮಾಡಬೇಕು. ಇನ್ನು ಪ್ರೇಕ್ಷಕರ ನಿರೀಕ್ಷೆಯೊಡನೆ ಆಡುವ ಬಗೆಗೆ 2012ರ ‘21 ಜಂಪ್ ಸ್ಟ್ರೀಟ್’ ನೋಡಬಹುದು: ಚೇಸ್‌ನಲ್ಲಿ ಇಂಧನ ತುಂಬಿದ ಲಾರಿಗಳು ಸ್ಫೋಟಿಸುವುದೇ ಇಲ್ಲ, ಕೊನೆಗೆ ಸ್ಫೋಟಿಸುವುದು ಕೋಳಿ ತುಂಬಿದ ಲಾರಿ. 2010ರ ‘ದಿ ಅದರ್ ಗೈಸ್’ನಲ್ಲಿ ಸ್ಫೋಟಕ್ಕೆ ಬೆನ್ನು ತಿರುಗಿಸಿ ಗತ್ತಿನಿಂದ ನಡೆಯುವ ಬದಲು ನಾಯಕ ನೆಲಕ್ಕೆ ಬಿದ್ದು, ಸಿನಿಮಾದವರು ಇದನ್ನು ಹೇಗೆ ಅಷ್ಟು ಸುಲಭವೆಂಬಂತೆ ತೋರಿಸುತ್ತಾರೆ ಎಂದು ಗೋಳಾಡುತ್ತಾನೆ. ಆದರೆ ನೋವೇ ಇಲ್ಲದ ಲೋಕದಲ್ಲಿ ಈ ನಗೆಗೆ ಬೆಲೆಯಿಲ್ಲ. ಕನಿಷ್ಠ ಒಂದು ಗುಂಡಾದರೂ ನಿಜವಾಗಿ ನೋಯಿಸಲಿ.

ನಡುಭಾಗದಲ್ಲಿ ಇಬ್ಬರ ಸ್ಥಾನ ಅದಲುಬದಲಾಗಬೇಕು. ನಿಯಮಪಾಲಕ ಒಮ್ಮೆ ನಿಯಮ ಮುರಿಯಬೇಕು, ಉಡಾಳ ಒಮ್ಮೆ ಅವನನ್ನು ತಡೆಯಬೇಕು. ‘21 ಜಂಪ್ ಸ್ಟ್ರೀಟ್’ನಲ್ಲಿ ಈ ಅದಲುಬದಲೇ ಕಥೆ: ಶಾಲಾದಿನಗಳಲ್ಲಿ ಎಲ್ಲರ ಮೆಚ್ಚಿನವನಾಗಿದ್ದವನು ವೇಷ ಮರೆಸಿಕೊಂಡು ಮತ್ತೆ ಶಾಲೆಗೆ ಹೋದಾಗ ಮೂಲೆಗುಂಪಾಗುತ್ತಾನೆ, ಅಂದು ಮೂಲೆಯಲ್ಲಿದ್ದವನು ಮೆರೆಯುತ್ತಾನೆ. ಇದಾದ ಮೇಲೆ ಒಂದು ಮೆಲುದನಿಯ ದೃಶ್ಯ ಬೇಕು; ಊಟದ ಮೇಜಾಗಲಿ, ಆಸ್ಪತ್ರೆಯ ಬೆಂಚಾಗಲಿ. ಅಲ್ಲಿ ಒಬ್ಬನ ಹಳೆಯ ಗಾಯ ತಿಳಿಯುತ್ತದೆ, ಇನ್ನೊಬ್ಬ ಅದಕ್ಕೆ ಉತ್ತರವಾಗಿ ಏನನ್ನೂ ಹೇಳದಿದ್ದರೆ ಸಾಕು.

ಮೇಲಧಿಕಾರಿಯ ಪಾತ್ರಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ, ಅವನು ಕೂಗಾಡಿದರೆ ಆಯಿತು. ಖಳನಾಯಕ ಮಾತ್ರ ಹಾಸ್ಯಾಸ್ಪದನಾಗದಿರಲಿ; ಅವನೂ ಜೋಕರ್ ಆದರೆ ಇಬ್ಬರೂ ಒಂದಾಗಲೇಬೇಕಾದ ಅಗತ್ಯ ಉಳಿಯುವುದಿಲ್ಲ.

ಇವೆಲ್ಲದರ ನಡುವೆ ಒಂದು ಎಚ್ಚರಿಕೆ. ಬಾಗಿಲು ಒದೆಯುವುದು, ಶಂಕಿತನನ್ನು ಬೆದರಿಸುವುದು, ಅನುಮತಿಯಿಲ್ಲದೆ ಮನೆ ಜಾಲಾಡುವುದು ಈ ಚಿತ್ರಗಳಲ್ಲಿ ನಗೆಯ ಸರಕು; ನಿಜಜೀವನದಲ್ಲಿ ಅವು ಅಧಿಕಾರದ ದುರುಪಯೋಗ. ಹಳೆಯ ಜನಪ್ರಿಯ ಚಿತ್ರಗಳು ಇದನ್ನು ನುಂಗಿಕೊಂಡು ಮುಂದೆ ಸಾಗಿವೆ, ಮತ್ತು ಇಂದು ಅವನ್ನು ಮತ್ತೆ ನೋಡುವಾಗ ಇರಿಸುಮುರಿಸಾಗುವುದೂ ಅಲ್ಲಿಯೇ. ಇದಕ್ಕೆ ಪರಿಹಾರ ಉಪದೇಶವಲ್ಲ. ನಿಯಮ ಮುರಿದುದರ ಬೆಲೆಯನ್ನು ಕಥೆಯೊಳಗೇ ಯಾರಾದರೂ ತೆರಲಿ: ಬೆದರಿಸಿ ಪಡೆದ ಹೇಳಿಕೆ ಸುಳ್ಳಾಗಲಿ, ಒದ್ದ ಬಾಗಿಲು ತಪ್ಪು ಮನೆಯದಾಗಲಿ, ಅದರಿಂದ ಜೋಡಿ ಬಿರುಕು ಬಿಡಲಿ. ಆಗ ಜಗಳಕ್ಕೂ ತೂಕ ಬರುತ್ತದೆ.

ಕ್ಲೈಮ್ಯಾಕ್ಸ್‌ನಲ್ಲಿ ‘ನೀನೇ ನನ್ನ ನಿಜವಾದ ಗೆಳೆಯ’ ಎಂಬ ಅರ್ಥದ ಒಂದೇ ಒಂದು ವಾಕ್ಯವಿದ್ದರೂ ಅದನ್ನು ಹೊಡೆದುಹಾಕಿ. ಸ್ನೇಹ ಕೆಲಸದಲ್ಲಿ ಕಾಣಬೇಕು, ಆ ಕೆಲಸದ ಬೀಜ ಮೊದಲ ಭಾಗದಲ್ಲೇ ಬಿದ್ದಿರಬೇಕು. 2007ರ ‘ಹಾಟ್ ಫಜ್’ನಲ್ಲಿ ಹಳ್ಳಿಯ ಪೇದೆ ಡ್ಯಾನಿಗೆ ಸಾಹಸಚಿತ್ರಗಳ ಹುಚ್ಚು, ಲಂಡನ್ನಿನಿಂದ ಬಂದ ಶಿಸ್ತಿನ ಅಧಿಕಾರಿಯನ್ನು, ಗಾಳಿಯಲ್ಲಿ ಗುಂಡು ಹಾರಿಸುತ್ತ ಕಿರುಚಿದ್ದುಂಟೇ ಎಂದು ಕೇಳಿ ಬೇಸರ ತರಿಸುತ್ತಾನೆ. ಕೊನೆಯಲ್ಲಿ ಅಪರಾಧಿಯಾದ ತನ್ನ ತಂದೆಗೆ ಗುರಿಯಿಟ್ಟು, ಹೊಡೆಯಲಾರದೆ, ಡ್ಯಾನಿ ಮಾಡುವುದು ಅದನ್ನೇ. ಮೊದಲು ಹುಚ್ಚಾಟವಾಗಿದ್ದದ್ದು ಈಗ ಎದೆ ಹಿಂಡುತ್ತದೆ.

ಕರಡು ಮುಗಿದ ಮೇಲೆ ಪಾತ್ರಗಳ ಹೆಸರನ್ನು ಮುಚ್ಚಿ ಸಂಭಾಷಣೆಯನ್ನಷ್ಟೇ ಯಾರಿಂದಲಾದರೂ ಓದಿಸಿ. ಯಾರ ಮಾತು ಯಾವುದೆಂದು ಅವರಿಗೆ ತಿಳಿಯದ ಕಡೆಯಲ್ಲೆಲ್ಲ ಮತ್ತೆ ಬರೆಯಬೇಕು. ಎರಡನೆಯ ಭಾಗದ ಆಸೆಯಿದ್ದರೆ ಕೊನೆಯ ದೃಶ್ಯದಲ್ಲಿ ಒಂದು ಭಿನ್ನಾಭಿಪ್ರಾಯವನ್ನಾದರೂ ಬಗೆಹರಿಸದೆ ಬಿಡಿ. ಪೂರ್ತಿ ರಾಜಿಯಾದ ಜೋಡಿಯ ನಡುವೆ ಹೊಸ ಕಿಡಿ ಹೊತ್ತಿಸುವುದು ಕಷ್ಟ. ‘ಲೀಥಲ್ ವೆಪನ್’ನ 1989ರ ಎರಡನೆಯ ಭಾಗ ಅದಕ್ಕಾಗಿ ಇಬ್ಬರ ತಲೆಯನ್ನೂ ತಿನ್ನುವ ವಾಚಾಳಿ ಸಾಕ್ಷಿಯೊಬ್ಬನನ್ನು, ನಟ ಜೋ ಪೆಶಿಯ ರೂಪದಲ್ಲಿ, ಕಾರಿನ ಹಿಂದಿನ ಸೀಟಿಗೆ ತಂದು ಕೂರಿಸಬೇಕಾಯಿತು.