ಎರಡು ದಿನಕ್ಕೆ ಒಂದೇ ಹೊಳೆ: ಅಘನಾಶಿನಿ ದಡದ ವೀಕೆಂಡ್ ಹೀಗೆ ಮಾಡಿ

ಮೊದಲ ಸಲ ಕುಮಟಾ ಕಡೆಗೆ ಹೋದಾಗ ನಮ್ಮ ಪಟ್ಟಿಯಲ್ಲಿ ಏಳು ಜಾಗ ಇದ್ದವು. ಯಾಣ, ಮುರ್ಡೇಶ್ವರ, ವಿಭೂತಿ ಜಲಪಾತ, ಗೋಕರ್ಣ... ಎಲ್ಲವನ್ನೂ ಎರಡೇ ದಿನದಲ್ಲಿ ಮುಗಿಸಿದೆವು. ಊರಿಗೆ ಬಂದ ಮೇಲೆ ಚೆನ್ನಾಗಿ ನೆನಪಿದ್ದದ್ದು ಬಾಡಿಗೆ ಕಾರಿನ ಹಿಂದಿನ ಸೀಟು ಮಾತ್ರ. ಅಘನಾಶಿನಿ ಅಳಿವೆಗೂ, ಅಂದರೆ ಆ ಹೊಳೆ ಕಡಲು ಸೇರುವ ಜಾಗಕ್ಕೂ ಹೋಗಿದ್ದೆವು. ಆಗ ಭರತದ ಹೊತ್ತು, ಕಡಲ ನೀರು ಏರಿತ್ತು. ಕಣ್ಣಿಗೆ ಕಂಡದ್ದು ಬರೀ ನೀರು. ಫೋಟೊ ತೆಗೆದು ಹೊರಟೆವು.

ಎರಡನೇ ಸಲ ಇಳಿತದ ಹೊತ್ತಿಗೆ ಹೋದಾಗ ಅದೇ ಜಾಗದಲ್ಲಿ ನೀರು ಸರಿದು ಕೆಸರಿನ ಬಯಲು ಎದ್ದಿತ್ತು. ಹೆಂಗಸರು, ಗಂಡಸರು ಬಗ್ಗಿ ಬೆಳಚು ಆರಿಸುತ್ತಿದ್ದರು. ಬೆಳಚು ಅಂದರೆ ಚಿಪ್ಪಿಕಲ್ಲು. ಅಂದಿನಿಂದ ಈ ಕಡೆ ಹೊರಟರೆ ನಾನು ಪಾಲಿಸುವುದು ಎರಡೇ ನಿಯಮ. ಒಂದೇ ಹೊಳೆ ಹಿಡಿಯಬೇಕು. ಗಡಿಯಾರ ನೋಡುವ ಮುಂಚೆ ಭರತ-ಇಳಿತ ನೋಡಬೇಕು.

ದಿನ ಗೊತ್ತು ಮಾಡುವುದು

ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಇಲ್ಲಿನ ಮಿರ್ಜಾನ್ ಕೋಟೆ ಹಸಿರು ಹೊದ್ದು ಚೆಂದ ಕಾಣುತ್ತದೆ, ನಿಜ. ಆದರೆ ಕಡಲು ಒರಟು, ಕಲ್ಲೆಲ್ಲ ಜಾರು.

ತಿಂಗಳು ಆಯಿತಲ್ಲ, ಈಗ ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ, ಹುಣ್ಣಿಮೆ ಹುಡುಕಿ. ಆ ಆಸುಪಾಸಿನ ದಿನಗಳಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿ ಹತ್ತಿರ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮೊಬೈಲ್‌ನಲ್ಲಿ ಕಾರವಾರದ ಟೈಡ್ ಟೇಬಲ್ ಹುಡುಕಿದರೆ ಸಾಕು, ಅಂದಾಜು ಸಿಗುತ್ತದೆ. ಹಗಲು ಹೊತ್ತಿನ ಇಳಿತ ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ. ಉಳಿದದ್ದನ್ನೆಲ್ಲ ಅದರ ಸುತ್ತ ಹೊಂದಿಸಬಹುದು.

ಶನಿವಾರ ಬೆಳಿಗ್ಗೆ ಕೋಟೆ

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ರೈಲು. ವೀಕೆಂಡ್ ಟಿಕೆಟ್ ಬೇಗ ಖಾಲಿಯಾಗುತ್ತದೆ, ಮುಂಚೆಯೇ ಮಾಡಿಸಿ. ಕುಮಟಾದಲ್ಲಿ ಇಳಿಯಿರಿ. ಬನ್ಸ್, ಚಹಾ ಮುಗಿಸಿ ಅಂಕೋಲಾ ಕಡೆಯ ಬಸ್ ಹತ್ತಿ. ದಿವಗಿ ಸೇತುವೆ ಮೇಲೆ ಅಘನಾಶಿನಿ ದಾಟಿದ ಮೇಲೆ ಮಿರ್ಜಾನ್. ಹೆದ್ದಾರಿಯಲ್ಲಿ ಇಳಿದು ಸ್ವಲ್ಪ ನಡೆದರೆ ಕೋಟೆ.

ಬಿಸಿಲೇರುವ ಮುಂಚೆ ಹೋಗುವುದು ಮುಖ್ಯ, ಒಳಗೆ ನೆರಳು ಕಡಿಮೆ. ಇದು ಚಿರೆಕಲ್ಲಿನ ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಅವಳು ಆಳಿದ್ದು 1552ರಿಂದ 1606ರವರೆಗೆ, ಅಂದರೆ 54 ವರ್ಷ. ಪೋರ್ಚುಗೀಸರು ಅವಳನ್ನು ಕರೆಯುತ್ತಿದ್ದದ್ದು ಕಾಳುಮೆಣಸಿನ ರಾಣಿ ಅಂತ.

ಬರೀ ಗೋಡೆ ನೋಡಿಕೊಂಡು ಬಂದರೆ ಅರ್ಧ ಗಂಟೆ ಸಾಕು. ಹಾಗೆ ಮಾಡಬೇಡಿ. ಮೊದಲು ಹೊರಗಿನ ಕಂದಕದ ಪಕ್ಕ ನಡೆಯಿರಿ. ಆಮೇಲೆ ಒಳಗೆ ಬಂದು ಬಾವಿಗಳನ್ನು ನೋಡಿ, ಕೆಲವಕ್ಕೆ ಮೆಟ್ಟಿಲುಗಳಿವೆ. ಕೊನೆಗೆ ಬುರುಜು ಹತ್ತಿ ಹೊಳೆ ಯಾವ ದಿಕ್ಕಿಗಿದೆ ಅಂತ ಹುಡುಕಿ. ಘಟ್ಟದ ಮೆಣಸು ದೋಣಿ ಸೇರಿ ಕಡಲಿಗೆ ಹೋಗುತ್ತಿದ್ದದ್ದು ಇಂಥ ಹೊಳೆಗಳ ದಾರಿಯಲ್ಲೇ. ಕೋಟೆ ಇಲ್ಲೇ ಯಾಕೆ ಎದ್ದಿತು ಅನ್ನೋದು ಮೇಲೆ ನಿಂತಾಗ ಹೊಳೆಯುತ್ತದೆ.

ಮಧ್ಯಾಹ್ನದ ಮೇಲೆ ಅಳಿವೆ

ಕುಮಟಾಕ್ಕೆ ವಾಪಸ್ ಬಂದು ಮೀನೂಟವೋ, ಸಸ್ಯಾಹಾರಿಗಳಾದರೆ ಸೋಲ್ ಕಡಿ (ಕೋಕಂ ಸಾರು) ಜೊತೆ ಅನ್ನವೋ ಮುಗಿಸಿ. ಅಲ್ಲಿಂದ ಅಘನಾಶಿನಿ ಊರಿಗೆ ಬಸ್ ಅಥವಾ ಆಟೊ. ಹೊಳೆಗೂ ಊರಿಗೂ ಒಂದೇ ಹೆಸರು, ಗೊಂದಲ ಬೇಡ. ಇಳಿತ ಮಧ್ಯಾಹ್ನಕ್ಕಿಲ್ಲ, ಬೆಳಿಗ್ಗೆಯೇ ಇದೆ ಅಂತಾದರೆ ಕೋಟೆಯನ್ನು ಸಂಜೆಗೆ ತಳ್ಳಿ ಮೊದಲು ಇಲ್ಲಿಗೆ ಬನ್ನಿ.

ಶಿರಸಿ ಸೀಮೆಯಲ್ಲಿ ಹುಟ್ಟುವ ಈ ಹೊಳೆ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಇಲ್ಲಿ ಕಡಲು ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಇಲ್ಲ. ಸಿಹಿನೀರು, ಉಪ್ಪುನೀರು ಎರಡೂ ಕೂಡುವ ಅಳಿವೆಯಲ್ಲಿ ಬೆಳಚು, ಸಿಗಡಿ, ಏಡಿ ಸಮೃದ್ಧವಾಗಿವೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ ಸೇರಿತು.

ಕೆಸರಿಗೆ ನೀವಾಗಿಯೇ ಇಳಿಯಬೇಡಿ. ಎಲ್ಲಿ ಕಾಲು ಹೂತುಹೋಗುತ್ತದೆ ಅಂತ ಅಲ್ಲಿನವರಿಗೆ ಮಾತ್ರ ಗೊತ್ತು. ದಡದಲ್ಲಿ ನಿಂತು ನೋಡಿ, ಮಾತಾಡಿಸಿ. ಅವರಿಗೆ ಅದು ಕೆಲಸದ ಹೊತ್ತು. ಕೇಳದೆ ಮುಖದ ಹತ್ತಿರ ಕ್ಯಾಮೆರಾ ಹಿಡಿಯುವುದು ಸರಿಯಲ್ಲ, ಅಲ್ವಾ?

ಎದುರು ದಡದಲ್ಲಿ, ಗೋಕರ್ಣದ ಬದಿಗೆ ಕಾಣುವುದು ತದಡಿ ಬಂದರು. ದೋಣಿಯಲ್ಲಿ ದಾಟಬಹುದು. ಆದರೆ ದಡಕ್ಕೆ ಬಂದ ಕೂಡಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಕೇಳಿಟ್ಟುಕೊಳ್ಳಿ. ತಪ್ಪಿದರೆ ಕುಮಟಾ ಸುತ್ತಿ ಬರಬೇಕಾಗುತ್ತದೆ. ರಾತ್ರಿ ಗೋಕರ್ಣದಲ್ಲಿ ತಂಗಿ.

ಭಾನುವಾರ

ದೇವಸ್ಥಾನಕ್ಕೆ ಹೋಗುವವರು ಬೇಗ ಎದ್ದು ಮಹಾಬಲೇಶ್ವರನ ದರ್ಶನ ಮುಗಿಸಿ. ಗಂಡಸರು ಬ್ಯಾಗಿನಲ್ಲಿ ಪಂಚೆ ಇಟ್ಟುಕೊಂಡಿರಿ. ಆಮೇಲೆ ಕುಡ್ಲೆ ಕಡಲತೀರದಿಂದ ಗುಡ್ಡದ ಕಾಲುದಾರಿ ಹಿಡಿದು ಓಂ ಬೀಚ್‌ಗೆ ನಡೆಯಿರಿ. ಅಲ್ಲಿಗೆ ನಿಲ್ಲಿಸಿದರೂ ನಷ್ಟವಿಲ್ಲ. ಹಾಫ್ ಮೂನ್, ಪ್ಯಾರಡೈಸ್‌ವರೆಗೆ ಹೋಗಬೇಕು ಅನ್ನುವವರು ಮತ್ತೆ ಟೈಡ್ ಟೇಬಲ್ ತೆಗೆಯಿರಿ. ಕೊನೆಯಲ್ಲಿ ಬಂಡೆ ಹತ್ತಿ ಇಳಿಯಬೇಕು, ಇಳಿತವಿದ್ದರೆ ಸಲೀಸು. ಕತ್ತಲಾದ ಮೇಲೆ ಆ ದಾರಿ ಬೇಡವೇ ಬೇಡ.

ಸಮಯ ಉಳಿದರೆ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿ. ಬೇಸಿಗೆ ಹತ್ತಿರವಾದಷ್ಟೂ ಬಿಳಿ ರಾಶಿಗಳು ಜಾಸ್ತಿ. ಹತ್ತಿರದ ಗಜನಿ ಗದ್ದೆಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು) ಬೆಳೆಯುವುದು ಕಗ್ಗ ಅನ್ನುವ ಭತ್ತ. ಉಪ್ಪುನೀರು ತಡೆದುಕೊಳ್ಳುವ ಗಟ್ಟಿ ತಳಿ ಅದು.

ವಾಪಸ್ ರೈಲು ಗೋಕರ್ಣ ರೋಡ್ ನಿಲ್ದಾಣದಿಂದ. ಪೇಟೆಯಿಂದ ಅದು ದೂರ, ಆಟೊಗೆ ಮೊದಲೇ ಹೇಳಿಡಿ. ಬೇಸಿಗೆಯಲ್ಲಿ ಕುಮಟಾ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿ ಗೊಂಚಲು ನೇತುಹಾಕಿರುತ್ತಾರೆ. ಶನಿವಾರವೇ ಕೊಂಡರೆ ಎರಡು ದಿನ ಹೊತ್ತು ತಿರುಗಬೇಕು. ಆದರೂ ನಾನು ಪ್ರತಿ ಸಲ ಕೊಳ್ಳುತ್ತೇನೆ. ಪ್ಲಾಸ್ಟಿಕ್ ಚೀಲಕ್ಕೆ ಮಾತ್ರ ತುಂಬಬೇಡಿ, ಬೆಂಗಳೂರು ಮುಟ್ಟುವುದರೊಳಗೆ ಬೆವರಿ ಕೊಳೆಯುತ್ತದೆ.